ಡಬ್ಬಿಯ ಜ್ವರ, ನನ್ನ ಮೊಣಕಾಲು

ಒಂದು ವಯಸ್ಸು ದಾಟಿದ ಮೇಲೆ ಹೆಂಗಸಿಗೆ ಈ ಲೋಕದಿಂದ ಹೆಚ್ಚೇನೂ ಬೇಕಾಗುವುದಿಲ್ಲ. ಊಟವಾದ ಮೇಲೆ ಅಡ್ಡಾಗಲು ಒಂದು ಮಂಚ, ಅಡ್ಡಾಗಿಕೊಂಡೇ ಸೊಸೆಯ ಬಗ್ಗೆ ಮಾತಾಡಲು ಒಬ್ಬ ಗೆಳತಿ. ನನಗೆ ಎರಡೂ ದಕ್ಕಿವೆ. ಮಂಚ ವಿಜಯಪುರದ ನಮ್ಮ ಮನೆಯಲ್ಲಿದೆ, ಗೆಳತಿ ಮೆಹರುನ್ನೀಸಾ ತಿಕೋಟಾದಲ್ಲಿ. ಇಬ್ಬರೂ ಒಂದೇ ಕಾನ್ವೆಂಟಿನ ಹಾಸ್ಟೆಲಿನಲ್ಲಿ ಅಕ್ಕಪಕ್ಕ ಮಲಗಿ, ಲೈಟ್ಸ್ ಆಫ್ ಆದ ಮೇಲೆ ಹೊದಿಕೆಯೊಳಗೇ ಪಿಸುಗುಟ್ಟಿ ಬೆಳೆದವರು. ಎರಡು ಜಡೆಯ ಆ ಹುಡುಗಿಯರು ಎಲ್ಲಿ ಹೋದರೋ! ಆಗ ಸಿಸ್ಟರುಗಳನ್ನು ಆಡಿಕೊಳ್ಳುತ್ತಿದ್ದೆವು, ಈಗ ಸೊಸೆಯಂದಿರನ್ನು. ಸಬ್ಜೆಕ್ಟ್ ಬದಲಾಗಿದೆ, ಪ್ಲೆಷರ್ ಅದೇ. ದಿನಾ ಮಧ್ಯಾಹ್ನ ಫೋನಿನಲ್ಲಿ, ಆದಷ್ಟೂ ಇಂಗ್ಲಿಷಿನಲ್ಲಿ. ಕಾನ್ವೆಂಟಿಗೆ ಕಟ್ಟಿದ ಫೀಜು ಈ ಒಂದು ಉಪಯೋಗಕ್ಕಾದರೂ ಬರಲಿ ಎಂದು.

ಈ ಸುಖಕ್ಕೆ ಅಡ್ಡ ಬಂದದ್ದು ಒಂದು ಡಬ್ಬಿ. ನನ್ನ ಸೊಸೆ ಭಾಗ್ಯಾ ಮದುವೆಗಳ ಫೋಟೋಗ್ರಾಫರ್. ಬಬಲೇಶ್ವರದ ಹುಡುಗಿ. ಕ್ಯಾಮೆರಾ ಹೆಗಲಿಗೇರಿಸಿ ಹೊರಟಳೆಂದರೆ ಬೀಗರಿಬ್ಬರೂ ಜಗಳ ಮರೆತು ಅವಳು ಹೇಳಿದಲ್ಲಿ ನಿಲ್ಲುತ್ತಾರೆ. ತೆಗೆದ ಫೋಟೋ, ವಿಡಿಯೋಗಳನ್ನೆಲ್ಲ ತುಂಬಿಡಲು ಅವಳೊಂದು ಕರಿ ಡಬ್ಬಿ ತಂದಳು. ಒಳಗೆ ಹಾರ್ಡ್ ಡಿಸ್ಕುಗಳು, ಹಿಂದೆ ಒಂದು ಫ್ಯಾನು. ವೈಫೈಗೆ ಜೋಡಿಸಿಟ್ಟರೆ ಮನೆಯ ಯಾವ ಮೂಲೆಯಲ್ಲಿ ಕುಳಿತೂ ಯಾರ ಮದುವೆಯನ್ನಾದರೂ ನೋಡಬಹುದಂತೆ. ಅದಕ್ಕೆ ‘ನ್ಯಾಸ್’ ಎಂಬ ಮರ್ಯಾದೆಯ ಹೆಸರೂ ಇದೆ. ಮುಂದಿನ ಕೋಣೆಯ ಅವಳ ಸ್ಟುಡಿಯೋದಲ್ಲಿ ಲೈಟು, ಸ್ಟ್ಯಾಂಡು, ಪ್ಲಾಸ್ಟಿಕ್ ಹೂವಿನ ಕಮಾನುಗಳ ನಡುವೆ ಜಾಗವಿಲ್ಲದೆ, ಡಬ್ಬಿ ಪಕ್ಕದ ನನ್ನ ಕೋಣೆಗೆ ಬಂದು ಬಟ್ಟೆ ಇಡುವ ಉಕ್ಕಿನ ತಿಜೋರಿಯ ಮೇಲೆ ಕುಳಿತಿತು. ಫ್ಯಾನು ತಿರುಗಿದರೆ ತಿಜೋರಿಯ ತಗಡು ನಡುಗುತ್ತಿತ್ತು, ತಗಡು ನಡುಗಿದರೆ ಒಳಗಿನ ಹ್ಯಾಂಗರುಗಳು ತಾಳ ಹಾಕುತ್ತಿದ್ದವು. ಆ ಆರ್ಕೆಸ್ಟ್ರಾದ ಮೇಲೆ ಮೆಹರೂಗೆ ಕೇಳಿಸಬೇಕೆಂದರೆ ನಾನು ಕೂಗಲೇಬೇಕು.

“ಹಿಟ್ಟಿನ ಗಿರಣ್ಯಾಗ ಕುಂತೀಯೇನ ಬೇ?” ಎಂದಳು ಮೆಹರೂ. ಡಬ್ಬಿಯ ಕಥೆ ಹೇಳಿದೆ. “ಅಷ್ಟ ಹೌದಿಲ್ಲೋ? ಕೋಳಿ ಮ್ಯಾಲ ಬುಟ್ಟಿ ಬೋರಲ ಹಾಕಿದಂಗ ಏನರ ಹೊಚ್ಚಿಬಿಡು. ಕತ್ತಲಾತಂದ್ರ ತಾನ ಸುಮ್ಮನಾಗ್ತೈತಿ.”

ಭಾಗ್ಯಾ ಅಂದು ಮಮದಾಪುರದ ಒಂದು ಮದುವೆಗೆ ಹೋಗಿದ್ದಳು. ಸ್ಟೂಲು ಹತ್ತಿ, ಅವಳ ತವರಿನಿಂದ ಬಂದ ದಪ್ಪ ಕೌದಿಯನ್ನು ಡಬ್ಬಿಗೆ ಹೊಚ್ಚಿದೆ. ಹಳೆಯ ಸೀರೆಗಳನ್ನು ಪದರು ಪದರಾಗಿ ಹೊಲಿದ ಕೌದಿ, ಎಂಥ ಚಳಿಯನ್ನೂ ತಡೆಯುವಂಥದ್ದು. ಸದ್ದು ಅಡಗಿತು. ಹೌ ಸಿಂಪಲ್ ಎಂದುಕೊಂಡು ಅಡ್ಡಾದೆ. ಕಣ್ಣು ಹತ್ತುವಷ್ಟರಲ್ಲಿ ಕೌದಿಯೊಳಗೆ ಫ್ಯಾನು ಮೊದಲಿಗಿಂತ ಜೋರಾಗಿ ರೇಗತೊಡಗಿತು. ಆಮೇಲೆ ಬೀಪ್ ಬೀಪ್ ಎಂಬ ಕೂಗು. ಅದರ ಹಿಂದೆಯೇ ಫೋನು.

“ಅತ್ತೀ, ಡಬ್ಬಿಗಿ ಏನ ಹೊಚ್ಚೀರಿ?”

“ಏನಿಲ್ಲವ್ವ…”

“ಏನಿಲ್ಲಂದ್ರ ಅದಕ್ಯಾಕ ಜ್ವರ ಬರ್ತೈತ್ರಿ? ನನ್ನ ಫೋನಿಗಿ ಮೆಸೇಜ್ ಬಂದೈತಿ. ಡಿಸ್ಕ್ ಸುಟ್ಟ ಹೋದ್ರ ಅಷ್ಟೂ ಮಂದೀನ ಕರದು ಮತ್ತ ಮದಿವಿ ಮಾಡಸೂದ ಆಗ್ತೈತೇನ್ರಿ? ಮೊದಲ ತಗೀರಿ!”

ಕಂಕುಳಲ್ಲಿ ಕೂಸು ಎತ್ತಿಕೊಂಡು ಮತ್ತೆ ಹಸೆಮಣೆ ಏರುವ ದಂಪತಿಗಳು ಕಣ್ಣ ಮುಂದೆ ಬಂದರು. ಕೌದಿ ಎಳೆದುಹಾಕಿದೆ.

ಆದರೆ ಮನಸ್ಸಿಗೆ ಚುಚ್ಚಿದ್ದು ಬೈಗುಳವಲ್ಲ. ಡಬ್ಬಿಗೆ ಮೈ ಬಿಸಿಯಾದರೆ ಮಮದಾಪುರದವರೆಗೆ ಸುದ್ದಿ ಮುಟ್ಟುತ್ತದೆ. ಅದೇ ಕೋಣೆಯಲ್ಲಿ, ಅದೇ ತಿಜೋರಿಯ ಪಕ್ಕದಲ್ಲಿ ನನ್ನ ಮೊಣಕಾಲು ಎಷ್ಟು ದಿನಗಳಿಂದ ನೋಯುತ್ತಿದೆ! ಅದಕ್ಕೆ ಯಾವ ಮೆಸೇಜೂ ಇಲ್ಲ.

ಮರುದಿನ ಭಾಗ್ಯಾ ಡಬ್ಬಿಯನ್ನು ಕೆಳಗಿಳಿಸಿ ಬಿಚ್ಚಿದಳು. ಬ್ರಷ್ಷಿನಿಂದ ಊರಿನ ಅರ್ಧ ಧೂಳನ್ನು ಹೊರತೆಗೆದಳು. ಸವೆದ ಫ್ಯಾನು ಕಿತ್ತು, ಸದ್ದು ಕಡಿಮೆಯ ಹೊಸದನ್ನು ಕೂರಿಸಿದಳು. ತಿಜೋರಿಯ ಸಹವಾಸ ಬಿಡಿಸಿ ಗೋಡೆಯ ಕಲ್ಲಿನ ಹಲಗೆಯ ಮೇಲೆ, ಹಿಂದೆ ಗಾಳಿಯಾಡುವಂತೆ ಇಟ್ಟಳು. ಕೊನೆಗೆ ನನ್ನ ಹಳೆಯ ಹವಾಯಿ ಚಪ್ಪಲಿಯನ್ನು ತುಂಡು ತುಂಡು ಕತ್ತರಿಸಿ ಅದರ ಕಾಲಿಗೆ ಅಂಟಿಸಿದಳು, ನಡುಕ ಕಲ್ಲಿಗೆ ಹತ್ತಬಾರದೆಂದು.

“ಅಯ್ಯ, ಒಳಗ ಮಂದಿ ತಾಳಿ ಕಟ್ಟೂ ಫೋಟೋ ಅದಾವು. ಕೆಳಗ ಚಪ್ಪಲ್ ಹಚ್ತೀಯೇನ?”

“ನಿಮ್ಮ ಚಪ್ಪಲ್ ಅಲ್ಲೇನ್ರಿ ಅತ್ತೀ, ಹಿರ್ಯಾರ ಪಾದ ಅಂತ ತಿಳಕೋತಾವ ಬಿಡ್ರಿ.”

ಡಬ್ಬಿ ಮೂಕವಾಯಿತು. ಸಿಸ್ಟರುಗಳು ಬೆತ್ತ ಹಿಡಿದು ಬೇಡಿದರೂ ನಾವು ಕೊಡದಿದ್ದ ಪಿನ್ ಡ್ರಾಪ್ ಸೈಲೆನ್ಸ್. ಆ ಸಂತೋಷದಲ್ಲಿ ಮೆಹರೂಗೆ ಫೋನು ಹಚ್ಚಿ, ಮನಸ್ಸಿನಲ್ಲಿದ್ದುದನ್ನೆಲ್ಲ ಹೊರಹಾಕಿದೆ. “ಶಿ ಚೆಕ್ಸ್ ಇಟ್ಸ್ ಟೆಂಪರೇಚರ್ ಎವ್ರಿ ಡೇ, ಮೆಹರೂ. ಹ್ಯಾಸ್ ಶಿ ಎವರ್ ಆಸ್ಕ್ಡ್ ಅಬೌಟ್ ಮೈ ನೀ? ಮುಂದಿನ ಜನ್ಮಕ್ಕ ನಾನೂ ಒಂದ ಡಬ್ಬಿ ಆಗಿ ಹುಟ್ತೇನಿ!”

ಫೋನು ಇಟ್ಟ ಮೇಲೆ ಬಾಗಿಲು ತೆರೆಯಿತು. ಭಾಗ್ಯಾ. ಕೈಯಲ್ಲಿ ಬಿಸಿನೀರಿನ ಚೀಲ.

“ಅತ್ತೀ, ಮೊಣಕಾಲ ಟೆಂಪರೇಚರ್ ಈಗ ಎಷ್ಟೈತ್ರಿ?”

ಫ್ಯಾನಿನ ಸದ್ದು ಹೋಗಿತ್ತು. ಅದರ ಮೇಲೆ ಕೂಗಲು ಕಲಿತಿದ್ದ ನನ್ನ ಗಂಟಲಿಗೆ ಆ ಸುದ್ದಿ ಮುಟ್ಟಿರಲಿಲ್ಲ. ಇನ್ನು ಇಂಗ್ಲಿಷೋ, ದಿನಾ ಇಂಗ್ಲಿಷಿನಲ್ಲಿ ಆಲ್ಬಮ್ಮಿಗೆ ಹೆಸರಿಡುವವಳ ಮನೆಯಲ್ಲಿ ಅದನ್ನು ಗುಟ್ಟಿನ ಭಾಷೆ ಎಂದು ನಂಬಿದ್ದು ನಾನೊಬ್ಬಳೇ. ಅವಳು ನನ್ನ ಕಾಲು ದಿಂಬಿನ ಮೇಲಿಟ್ಟು ಶಾಖ ಕೊಡುತ್ತ ಅಂದಳು: “ಭಾಳ ನೋವೈತಿ ಅಂದ್ರ ನಂಗ ಹೇಳ್ಬೇಕಿಲ್ರಿ? ತಿಕೋಟಾಕ್ಕ ಹೇಳಿದ್ರ ಹೆಂಗ?” ಸಂಜೆ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಡಾಕ್ಟರ ಹತ್ತಿರವೂ ಕರೆದೊಯ್ದಳು.

ಮರುದಿನ ಮಧ್ಯಾಹ್ನ ಧರ್ಮಸಂಕಟ. ಪಿಸುಗುಟ್ಟಿದರೆ ಮೆಹರೂಗೆ ಕೇಳದು, ಕೂಗಿದರೆ ಮನೆಗೆಲ್ಲ ಕೇಳೀತು. ಆದದ್ದಾಗಲಿ ಎಂದು ಫೋನು ಸ್ಪೀಕರಿಗೆ ಹಾಕಿ, “ಭಾಗ್ಯಾ ಈಸ್ ಎ ಜೆಮ್, ಮೆಹರೂ,” ಎಂದೆ. ಆ ಕಡೆಯಿಂದ ಗಾಬರಿಯ ದನಿ: “ಯಾಕ ಬೇ, ಆರಾಮ ಅದೀಯಿಲ್ಲೋ? ಆಕಿ ಬಾಜೂಕ ನಿಂತಾಳೇನ?”

ಸ್ಟುಡಿಯೋದಿಂದ ಉತ್ತರ ಬಂತು: “ಇಲ್ರಿ ಮೇಡಂ, ಕುಂತೇನ್ರಿ!”

ಮೊನ್ನೆ ಭಾಗ್ಯಾಗೆ ಒಂದು ಸಲಹೆ ಕೊಟ್ಟೆ. “ಡಬ್ಬಿಗಿ ಗಾಳಿ ಸಾಲೂದಿಲ್ಲ ಅನಸ್ತೈತವ್ವ. ಆ ಹಳೀ ಫ್ಯಾನ ಹಾಕಿಬಿಡು, ಪಾಪ.” ಅವಳು ಫೋನು ತೆಗೆದು ನೋಡಿ, “ಅದಕ್ಕ ಜ್ವರ ಇಲ್ರಿ” ಎಂದಳು. ಆಮೇಲೆ ಹತ್ತಿರ ಬಂದು, ಬಹಳ ಕಾಳಜಿಯಿಂದ, ನನ್ನ ಹಣೆ ಮುಟ್ಟಿ ನೋಡಿದಳು.