ಗೇಟ್ ಮುಚ್ಚಲು ಬಿಡದವರು

ವಿಮಾನ ಹೊರಡುವುದು ತಡವಾದರೆ ಜನ ಕಿಟಕಿಯಿಂದ ಆಕಾಶ ನೋಡುತ್ತಾರೆ, ಮೋಡ ಇದೆಯೇನೋ ಅಂತ. ಗೇಟಿನಲ್ಲಿ ನಿಂತಿರುವ ನನಗೆ ಗೊತ್ತು, ಎಷ್ಟೋ ಸಲ ಆ ತಡಕ್ಕೆ ಕಾರಣರಾದವರು ಅಲ್ಲೇ ಎಲ್ಲೋ ಕಾಲ ಮೇಲೆ ಕಾಲು ಹಾಕಿಕೊಂಡು ಚಹಾ ಕುಡಿಯುತ್ತಿರುತ್ತಾರೆ. ನಾನು ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ, ಅಪ್ಪ ಅಮ್ಮ ಉಡುಪಿ ಕಡೆಯವರು. ನವಿ ಮುಂಬೈಯ ಹೊಸ ವಿಮಾನ ನಿಲ್ದಾಣ ಶುರುವಾದಾಗ ಒಂದು ವಿಮಾನ ಕಂಪನಿಯಲ್ಲಿ ಗ್ರೌಂಡ್ ಸ್ಟಾಫ್ ಆಗಿ ಸೇರಿದೆ. ಬೋರ್ಡಿಂಗ್ ಪಾಸ್ ನೋಡುವುದು, ಮೈಕಿನಲ್ಲಿ ಹೆಸರು ಕರೆಯುವುದು, ಬಾರದವರನ್ನು ಹುಡುಕಿಕೊಂಡು ಓಡುವುದು ನನ್ನ ಕೆಲಸ. ಓಡುವುದೇ ಹೆಚ್ಚು. ಆದರೂ ಯೂನಿಫಾರ್ಮ್ ಹಾಕಿಕೊಂಡು ಶೀಳ್ ಫಾಟಾದ ಟ್ರಾಫಿಕ್ ದಾಟುವಾಗ ಇವತ್ತು ಯಾರು ಸಿಗುತ್ತಾರೋ ಅಂತ ಈಗಲೂ ಲೆಕ್ಕ ಹಾಕುತ್ತಿರುತ್ತೇನೆ.

ಫೋರ್ಥ್ ಸೀಟ್

ಒಂದು ದಿನ ಎಲ್ಲರೂ ಹತ್ತಿದ ಮೇಲೆ ಒಳಗಿನಿಂದ ಕರೆ ಬಂತು, ಒಬ್ಬರು ಕಡಿಮೆ ಇದ್ದಾರೆ ಅಂತ. ನನ್ನ ಲೆಕ್ಕದಲ್ಲಿ ಎಲ್ಲರೂ ಗೇಟ್ ದಾಟಿದ್ದರು. ಪಟ್ಟಿ ಹಿಡಿದುಕೊಂಡು ನಾನೇ ವಿಮಾನದೊಳಗೆ ಹೋದೆ. ಒಂದು ಸಾಲಿನಲ್ಲಿ ಸೀಟುಗಳ ನಡುವಿನ ಕೈಯಾಸರೆಗಳನ್ನೆಲ್ಲ ಮೇಲಕ್ಕೆತ್ತಿ, ಮೂರು ಸೀಟಿನಲ್ಲಿ ನಾಲ್ಕು ಹೆಂಗಸರು ಕೂತಿದ್ದರು. ಇಪ್ಪತ್ತು ವರ್ಷದಿಂದ ಡೊಂಬಿವಲಿ ಲೋಕಲ್‌ನಲ್ಲಿ ಒಟ್ಟಿಗೆ ಆಫೀಸಿಗೆ ಹೋಗುವ ಗೆಳತಿಯರು. ಅಲ್ಲಿ ಮೂರು ಜನರ ಸೀಟಿನಲ್ಲಿ ಸರಿದು ನಾಲ್ಕನೆಯವರಿಗೆ ಜಾಗ ಕೊಡುವುದು ವಾಡಿಕೆ, ಅದೇ ಫೋರ್ಥ್ ಸೀಟ್. ಎಣಿಸುವ ಹುಡುಗಿ ಸಾಲಿಗೆ ಮೂರು ಅಂತ ಎಣಿಸಿಕೊಂಡು ಹೋಗಿದ್ದಳು. ಹಿಂದೆ ನಾಲ್ಕನೆಯವರ ಸೀಟು ಖಾಲಿಯಾಗಿತ್ತು.

"ಆಂಟಿ, ಮೂರು ಸೀಟಿನಲ್ಲಿ ಮೂರೇ ಜನ ಕೂರಬೇಕು."

"ನಾವು ಅಡ್ಜಸ್ಟ್ ಮಾಡಿಕೊಂಡಿದ್ದೀವಲ್ಲಮ್ಮ, ನಿನಗೇನು ತೊಂದ್ರೆ?"

"ಬೆಲ್ಟ್ ಮೂರೇ ಇದೆ."

"ಟ್ರೇನಲ್ಲಿ ಒಂದೂ ಇಲ್ಲ. ಒಂದು ದಿನವಾದ್ರೂ ಬಿದ್ದಿದ್ದೀವಾ ಕೇಳು."

ಹತ್ತು ನಿಮಿಷ ವಾದವಾಯಿತು. ಸುತ್ತಲಿನವರು ಗಡಿಯಾರ ನೋಡತೊಡಗಿದ ಮೇಲೆ ನಾಲ್ಕನೆಯವರು ಸಿಟ್ಟಿನಿಂದಲೇ ಎದ್ದು ತಮ್ಮ ಸೀಟಿಗೆ ಹೋದರು. ಅಲ್ಲಿ ಕೂತು ಅವರು ಆಚೀಚೆ ನೋಡಿದರು, ಅರ್ಧ ಸೀಟಿಗೆ ಸರಿದುಕೊಂಡರು, ಪಕ್ಕದಲ್ಲಿ ನಿಂತಿದ್ದ ಏರ್ ಹೋಸ್ಟೆಸ್‌ಗೆ ಸೀಟು ತಟ್ಟಿ ತೋರಿಸಿದರು.

"ನೀನು ಯಾಕೆ ನಿಂತಿದ್ದೀ? ಬಾ, ಇಲ್ಲಿ ಇನ್ನೊಬ್ಬರಿಗೆ ಜಾಗ ಇದೆ."

ಕುದಿ ಬರಲಿ

ಠಾಣೆಯಲ್ಲಿ ನಲವತ್ತು ವರ್ಷ ಹೋಟೆಲ್ ನಡೆಸಿ ಮಗನಿಗೆ ಬಿಟ್ಟುಕೊಟ್ಟ ಯಜಮಾನರೊಬ್ಬರು ಮಂಗಳೂರಿಗೆ ಹೊರಟಿದ್ದರು. ಅವರ ಹೆಸರನ್ನು ಆರು ಸಲ ಕರೆದೆ. ಶೌಚಾಲಯದ ಬಾಗಿಲು ತಟ್ಟಿಸಿದೆ, ಪುಸ್ತಕದಂಗಡಿ ನೋಡಿದೆ. ಕೊನೆಗೆ ಸಿಕ್ಕಿದ್ದು ತಿಂಡಿ ಸ್ಟಾಲಿನಲ್ಲಿ. ಕೌಂಟರಿನ ಹೊರಗಲ್ಲ, ಒಳಗೆ. ಕೈಯಲ್ಲಿ ಸೌಟು ಹಿಡಿದು ದೊಡ್ಡ ಪಾತ್ರೆ ತಿರುವುತ್ತಿದ್ದರು. ಅಲ್ಲಿನ ಅಡುಗೆಯವನು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ.

"ಸರ್, ನಿಮ್ಮ ಹೆಸರು ಕರೆದದ್ದು ಕೇಳಿಸಲಿಲ್ವಾ?"

"ಕೇಳಿಸ್ತು ಮಾರಾಯ್ತಿ. ಇದಕ್ಕೆ ಒಂದು ಕುದಿ ಬರ್ಲಿ. ಈಗ ಬಿಟ್ರೆ ಬೇಳೆ ಬೇರೆ, ನೀರು ಬೇರೆ ಆಗ್ತದೆ."

"ವಿಮಾನದಲ್ಲಿ ನೂರ ಎಪ್ಪತ್ತು ಜನ ಕಾಯ್ತಿದ್ದಾರೆ."

"ಇಲ್ಲಿ ದಿನಾ ಎಷ್ಟು ಜನ ಈ ಸಾಂಬಾರು ತಿಂತಾರೆ, ಅವರಿಗೆ ಯಾರು ಗತಿ?"

ಕುದಿ ಬಂದ ಮೇಲೆಯೇ ಬಂದರು. ಓಡುತ್ತ ಓಡುತ್ತ ಹಿಂತಿರುಗಿ, "ಇಂಗು ಕೊನೆಗೆ" ಅಂತ ಅಡುಗೆಯವನಿಗೆ ಹೇಳಿದರು. ವಿಮಾನದ ಬಾಗಿಲಲ್ಲಿ ಕ್ಯಾಪ್ಟನ್ ತಡಕ್ಕೆ ಕಾರಣ ಕೇಳಿದರು. ಬೇರೇನೂ ತೋಚದೆ ಇದ್ದದ್ದನ್ನೇ ಹೇಳಿದೆ. ಅವರು ಮುಖ ಗಂಟಿಕ್ಕಿಕೊಂಡು ಕೇಳಿದರು. ಬಾಗಿಲು ಮುಚ್ಚುವ ಮುಂಚೆ ನನ್ನನ್ನು ಹತ್ತಿರ ಕರೆದು ಮೆಲ್ಲಗೆ ವಿಚಾರಿಸಿದರು: "ಯಾವ ಸ್ಟಾಲು?"

ಗಚ್ಚಿ ಮೇಲೆ ಹೆಂಡತಿ

ಹುಬ್ಬಳ್ಳಿ ವಿಮಾನದಲ್ಲಿ ಒಬ್ಬರು ಇಳಿಯುತ್ತೇನೆ ಅಂತ ಎದ್ದು ನಿಂತರು. ಕಲ್ಯಾಣದಲ್ಲಿ ನೆಲೆಸಿದ ಧಾರವಾಡದ ಕಡೆಯವರು, ಮೊದಲ ವಿಮಾನ ಪ್ರಯಾಣ. ಹತ್ತಿದವರು ಇಳಿದರೆ ಅವರ ಬ್ಯಾಗು ಹುಡುಕಿ ತೆಗೆಯಬೇಕು, ಇಡೀ ವಿಮಾನ ಕಾಯಬೇಕು. ನಾನು ಓಡಿದೆ.

"ಏನಾಯ್ತು ಸರ್?"

"ಕಿಟಕಿ ಸೀಟು ಕೊಟ್ಟೀರಿ ಖರೆ. ರೆಕ್ಕಿ ಬಿಟ್ರ ಏನೂ ಕಾಣವಲ್ದು. ನಮ್ಮ ಮನಿಯಾಕಿ ಬಿಲ್ಡಿಂಗಿನ ಗಚ್ಚಿ ಮ್ಯಾಲೆ ಕೆಂಪು ಸೀರಿ ಉಟ್ಕೊಂಡು ನಿಂತಾಳ. ಕೈ ಮಾಡ್ತೀನಿ ಅಂತ ಮಾತು ಕೊಟ್ಟೀನಿ."

ಅಷ್ಟು ಎತ್ತರದಿಂದ ತಾರಸಿ ಮೇಲಿನವರು ಕಾಣುವುದಿಲ್ಲ ಅಂತ ಹೇಳಬೇಕೆಂದಿದ್ದೆ. ಅವರ ಮುಖ ನೋಡಿ ಬೇರೆ ಸೀಟು ಹುಡುಕತೊಡಗಿದೆ. ರೆಕ್ಕೆಯ ಹಿಂದಿನ ಸೀಟುಗಳಲ್ಲಿ ಒಬ್ಬೊಬ್ಬರನ್ನಾಗಿ ಕೇಳಿಕೊಂಡು ಹೋದೆ. ಕಾಲೇಜು ಹುಡುಗಿಯೊಬ್ಬಳು ನಗುತ್ತ ಎದ್ದು ಜಾಗ ಕೊಟ್ಟಳು. ಅವರು ಖುಷಿಯಾಗಿ ಕೂತು, ಫೋನ್ ಬಂದ್ ಮಾಡುವ ಮುಂಚೆ ಹೆಂಡತಿಗೆ ಫೋನ್ ಹಚ್ಚಿದರು.

"ಈಗ ಹೊಂಟೀವಿ ನೋಡು. ತಯಾರ್ ಇರು."

ಆ ಕಡೆಯ ಮಾತು ನಮಗೆಲ್ಲ ಕೇಳಿಸಿತು: "ಇನ್ನೂ ಅಲ್ಲೇ ಅದೀರಾ? ನಾ ಆಗಲೇ ಮೂರು ವಿಮಾನಕ್ಕ ಕೈ ಮಾಡಿ ಕೆಳಗ ಬಂದೆ."

ಮೈಕಿನಲ್ಲಿ ಹೆಸರು

ಇನ್ನು ಇದನ್ನು ಹೇಳದಿದ್ದರೆ ನಮ್ಮ ಆಫೀಸಿನವರೇ ನಿಮಗೆ ಹೇಳಿಬಿಡುತ್ತಾರೆ. ಮಾವನ ಮಗಳ ನಿಶ್ಚಿತಾರ್ಥಕ್ಕೆ ಅಮ್ಮ ಮಂಗಳೂರಿಗೆ ಹೊರಟಿದ್ದಳು, ನನ್ನದೇ ಗೇಟಿನಿಂದ. ನಾನು ಮೈಕಿನಲ್ಲಿ ಮಾತಾಡುವುದನ್ನು ಅವಳು ಅದುವರೆಗೆ ಕೇಳಿರಲಿಲ್ಲ. ನನ್ನೆದುರಿನ ಕುರ್ಚಿಯಲ್ಲೇ ಕೂರಿಸಿ, "ಇಲ್ಲಿಂದ ಕದಲಬೇಡ" ಅಂದಿದ್ದೆ. ಜನರ ಸಾಲು ಮುಗಿದು ತಲೆ ಎತ್ತಿದರೆ ಕುರ್ಚಿ ಖಾಲಿ.

ಫೋನ್ ಮಾಡಿದರೆ ಎತ್ತಲಿಲ್ಲ. ಇಂಗ್ಲಿಷಿನಲ್ಲಿ ಹೆಸರು ಕರೆದೆ. ಹಿಂದಿಯಲ್ಲಿ ಕರೆದೆ. ಮರಾಠಿಯಲ್ಲಿ ಕರೆದೆ. ಮ್ಯಾನೇಜರ್ ಬಂದು ಗಡಿಯಾರ ತೋರಿಸಿ, "ಬಾರದಿದ್ದರೆ ಬ್ಯಾಗ್ ಇಳಿಸಿ, ಗೇಟ್ ಮುಚ್ಚಿ" ಅಂದರು. ಅದು ನನ್ನ ಅಮ್ಮ ಅಂತ ಹೇಳುವ ಧೈರ್ಯ ಬರಲಿಲ್ಲ. ತಡೆಯಲಾರದೆ ಮೈಕಿನಲ್ಲಿ ತುಳುವಿನಲ್ಲೇ, "ಅಮ್ಮಾ, ಎಲ್ಲಿದ್ದೀ, ಬೇಗ ಬಾ" ಅಂದುಬಿಟ್ಟೆ. ಮ್ಯಾನೇಜರಿಗೆ ತುಳು ಬಾರದಿದ್ದರೂ "ಅಮ್ಮ" ಅರ್ಥವಾಯಿತು. ಅವರೂ ನನ್ನ ಜೊತೆ ಓಡಿದರು.

ಮೂರು ಗೇಟಿನಾಚೆ, ಒಂದು ಸ್ಪೀಕರಿನ ಕೆಳಗೆ ಅಮ್ಮ ನಿಂತಿದ್ದಳು, ಫೋನನ್ನು ಎರಡೂ ಕೈಯಲ್ಲಿ ಮೇಲಕ್ಕೆತ್ತಿ ಹಿಡಿದುಕೊಂಡು. ರೆಕಾರ್ಡ್ ಮಾಡುತ್ತಿದ್ದಳು.

"ಅಮ್ಮಾ, ಕರೀತಿರೋದು ನಿನ್ನನ್ನೇ. ಬರೋದಕ್ಕೇನು?"

"ನೀನು ಹೇಳಿ ಮುಗಿಸ್ಲಿ ಅಂತ ಕಾದೆ. ಅರ್ಧದಲ್ಲಿ ಎದ್ದು ಬಂದ್ರೆ ಚಂದ ಕಾಣ್ತದಾ? ಅಲ್ಲಿ ನಿನ್ನ ಹತ್ರ ಜನರ ಗಲಾಟೆ, ಸರಿ ಕೇಳ್ತಿರ್ಲಿಲ್ಲ."

ವಿಮಾನ ಹನ್ನೆರಡು ನಿಮಿಷ ತಡವಾಗಿ ಹೊರಟಿತು. ಒಳಗೆ ನಡೆದದ್ದನ್ನು ಆಮೇಲೆ ಏರ್ ಹೋಸ್ಟೆಸ್ ಗೆಳತಿ ಹೇಳಿದಳು. ಎಲ್ಲರೂ ಕಣ್ಣು ಕೆಂಪಗೆ ಮಾಡಿಕೊಂಡು ನೋಡುತ್ತಿದ್ದರೂ ಅಮ್ಮ ನಗುನಗುತ್ತ ಹೋಗಿ ಕೂತು, ಪಕ್ಕದವರನ್ನು ಮಾತಾಡಿಸಿದಳಂತೆ.

"ಇಷ್ಟು ಹೊತ್ತು ಮೈಕಿನಲ್ಲಿ ಕರೀತಿದ್ಲಲ್ಲ, ಅವಳು ನನ್ನ ಮಗಳು."

ಅವರು ಸಿಟ್ಟಿನಲ್ಲಿದ್ದರು. "ಅದಿರಲಿ, ನಾಲ್ಕು ನಾಲ್ಕು ಸಲ ಕರೆಸಿಕೊಂಡ ಆ ಪುಣ್ಯಾತ್ಗಿತ್ತಿ ಯಾರು?"

ಅಮ್ಮ ಸೆರಗು ಸರಿಮಾಡಿಕೊಂಡು ಹೇಳಿದಳಂತೆ:

"ಅದೂ ನಮ್ಮವರೇ. ನಾನೇ."