ಅತ್ತೆ ಒಣ ಊರಿಗೆ ಬಂದದ್ದು

ನಮ್ಮ ಸೋದರತ್ತೆಯ ಲೆಕ್ಕದಲ್ಲಿ ಅವರೀಗ ಇರುವುದು ಪರದೇಶದಲ್ಲಿ. ಪಾಸ್‌ಪೋರ್ಟು, ವೀಸಾ ಎಲ್ಲ ಕೇಳಬೇಡಿ. ಸಂಪಾಜೆಯಲ್ಲಿ ಬಸ್ಸು ಹತ್ತಿ, ಘಾಟಿಯ ತಿರುವುಗಳಲ್ಲಿ ಒಂದು ನಿಂಬೆಹಣ್ಣು ಮೂಸಿ ಮುಗಿಸಿ, ಮಡಿಕೇರಿ ದಾಟಿ ಆಚೆ ಇಳಿದರೆ ಎರಡು ಗಂಟೆ ಚಿಲ್ಲರೆಯಲ್ಲಿ ಆ ಪರದೇಶ ಸಿಗುತ್ತದೆ. ಅದರ ಹೆಸರು ಕುಶಾಲನಗರ! ಜಿಲ್ಲೆ ಅದೇ, ಸ್ಕೂಟರುಗಳ ನಂಬರ್ ಪ್ಲೇಟೂ ಅದೇ. ಆದರೂ ಸಂಪಾಜೆಯ ನೆಂಟರಿಗೆ ಫೋನು ಮಾಡಿದಾಗಲೆಲ್ಲ ಅತ್ತೆ ಕೇಳುವುದು, ನಮ್ಮ ದೇಶದಲ್ಲಿ ಎಲ್ಲರೂ ಸೌಖ್ಯವಾ ಎಂದೇ.

ಅವರು ದೇಶ ಬಿಟ್ಟದ್ದು ಮಾವನ ಉಸಿರಿಗಾಗಿ. ಮಾವನಿಗೆ ಹಳೆಯ ದಮ್ಮು. ಗೋಡೆ, ಚಪ್ಪಲಿ, ಕನ್ನಡಕದ ಪೆಟ್ಟಿಗೆ ಎಲ್ಲಕ್ಕೂ ಬೂಷ್ಟು ಹಿಡಿಯುವ ನಮ್ಮೂರ ಮಳೆಗಾಲದಲ್ಲಿ ಅವರ ಎದೆಯೊಳಗೆ ಯಾರೋ ಹಳೆಯ ಬಾಗಿಲು ತೆರೆದು ಮುಚ್ಚಿದ ಹಾಗೆ ಸದ್ದು. ಈ ತಗ್ಗಿನ ಥಂಡಿ ಬಿಟ್ಟು ಎತ್ತರದ, ಒಣ ಹವೆಯ ಕಡೆ ಕೆಲವು ತಿಂಗಳು ಇದ್ದು ನೋಡಿ ಎಂದರು ಡಾಕ್ಟರು. ಮಾವ ರಾಜಸ್ಥಾನದ ನಕ್ಷೆ ಬಿಡಿಸಿ ಕುಳಿತರು. ಅತ್ತೆ ನನಗೆ ಫೋನು ಮಾಡಿದರು. ಕುಶಾಲನಗರದ ಹೈಸ್ಕೂಲಿನಲ್ಲಿ ಪಾಠ ಹೇಳುವ ನಾನು, ಊರ ಅಂಚಿನಲ್ಲಿ, ಶುಂಠಿ ಹೊಲಕ್ಕೆ ತಾಗಿದ ಒಂದು ಬಾಡಿಗೆ ಮನೆ ಹುಡುಕಿಕೊಟ್ಟೆ. ಜನವರಿಯಲ್ಲಿ ಸಾಮಾನು ಬಂದಿಳಿಯಿತು. ಪಾತ್ರೆ, ಹಾಸಿಗೆ, ಏಳು ಕೊಡೆ. ಇರುವ ಇಬ್ಬರಿಗೆ ಏಳು ಕೊಡೆ ಯಾಕೆ? ನಾನು ಕೇಳಲಿಲ್ಲ. ಕೇಳಿದ್ದರೆ ಎಂಟನೆಯದು ಹೇಗೆ ಮರೆತುಹೋಯಿತೆಂಬ ಕತೆ ಕೇಳಬೇಕಾಗುತ್ತಿತ್ತು.

ಮಾರನೆಯ ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿದ್ದಾಗ ಫೋನು ಬಂತು. ಮಾವನಿಗೇ ಏನೋ ಆಯಿತೆಂದು ಎದ್ದು ನಿಂತೇ ಕಿವಿಗಿಟ್ಟೆ.

"ಮಗಾ, ಇಲ್ಲಿಯ ಉಪ್ಪು ಉದುರ್ತದೆ," ಎಂದರು ಅತ್ತೆ.

ಸಂಪಾಜೆಯಲ್ಲಿ ಉಪ್ಪೆಂದರೆ ಭರಣಿಯಲ್ಲಿ ನೀರೊಡೆದು ಕುಳಿತಿರುವ ಪದಾರ್ಥ, ಚಮಚದಲ್ಲಿ ಕೆರೆದು ತೆಗೆಯಬೇಕು. ಇಲ್ಲಿ ಡಬ್ಬಿ ಬಗ್ಗಿಸಿದ್ದೇ ತಡ, ಅರ್ಧ ಉಪ್ಪು ಸಾರಿಗಿಳಿದಿತ್ತು. ಮಾವ ಮರುಮಾತಿಲ್ಲದೆ ಉಂಡು, ಸಂಜೆಯವರೆಗೆ ನೀರು ಕುಡಿದರಂತೆ. ಸಂಜೆ ನಾನು ಹೋದಾಗ ಅಡುಗೆಮನೆಯ ಕಟ್ಟೆಯ ಮೇಲೆ ಸುಟ್ಟ ಬೆಂಕಿಕಡ್ಡಿಗಳು ಸಾಲಾಗಿ ಮಲಗಿದ್ದವು, ಒಂದು ಪೊಟ್ಟಣ ಪೂರ್ತಿ. ಗೀರಿದ ಕೂಡಲೇ ಹತ್ತುವ ಕಡ್ಡಿಯನ್ನು ಅತ್ತೆ ಮಳೆಗಾಲಗಳ ಅನುಭವದಿಂದ ನಂಬಿರಲಿಲ್ಲ. ಎರಡನೆಯದೂ ಹತ್ತುತ್ತದಾ? ಮೂರನೆಯದು? ಹೀಗೇ ಕೊನೆಯ ಕಡ್ಡಿಯವರೆಗೆ ಪರೀಕ್ಷೆ ನಡೆದಿತ್ತು. ಮೇಷ್ಟರ ಕೆಲಸದಲ್ಲಿರುವ ನಾನೂ ಒಂದು ಇಡೀ ತರಗತಿ ಪಾಸಾದದ್ದನ್ನು ಎಂದೂ ಕಂಡಿಲ್ಲ!

ಆಮೇಲೆ ಬಟ್ಟೆಯ ಸರದಿ. ಒಲೆಯ ಮೇಲಿನ ಹಗ್ಗದಲ್ಲಿ ಮೂರು ದಿನ ಹೊಗೆ ಕುಡಿದು ಒಣಗುತ್ತಿದ್ದ ಸೀರೆ, ಇಲ್ಲಿ ಒಂದು ಗಂಟೆಯಲ್ಲಿ ಗರಿಗರಿಯಾಯಿತು. ಅತ್ತೆ ಅದನ್ನು ಮತ್ತೆ ಒಗೆದು ಹಾಕಿದರು. ಯಾಕೆ? ಎರಡನೆಯ ಸಲವೂ ಅಷ್ಟೇ ಹೊತ್ತು ಸಾಕೇ ಎಂದು ನೋಡಲಿಕ್ಕೆ. ಅಲ್ಲಿಂದ ಅವರ ಕೈ ನಿಲ್ಲಲಿಲ್ಲ. ಹಪ್ಪಳ, ಸಂಡಿಗೆ, ದಿಂಬು, ಪೆಟ್ಟಿಗೆಯ ತಳದ ರೇಷ್ಮೆ ಸೀರೆಗಳು, ಮದುವೆಯ ಫೋಟೋ, ಮನೆಯ ಕಾಗದಪತ್ರ, ಎಲ್ಲವೂ ಅಂಗಳಕ್ಕೆ ಬಂದವು. ಮಾವನನ್ನೂ ಬೆಳಗಿನ ಹೊತ್ತು ಅಲ್ಲೇ ಕುರ್ಚಿಯಲ್ಲಿ ಹರವಿಡುತ್ತಿದ್ದರು; ನಡುನಡುವೆ ಮಗ್ಗುಲು ಬದಲಿಸಲು ಹೇಳಿದ್ದನ್ನು ನಾನೇ ಕೇಳಿದ್ದೇನೆ.

ಒಂದು ದಿನ ಗಾಳಿ ಬೀಸಿ ಕಾಗದಗಳೆಲ್ಲ ಪಕ್ಕದ ಶುಂಠಿ ಹೊಲಕ್ಕೆ ಹಾರಿದವು. ಆ ಹೊಲದವರು ತಮ್ಮ ಅಜ್ಜನ ಕಾಲದಲ್ಲೇ ಹಾಸನದ ಕಡೆಯಿಂದ ಬಂದು ನೆಲೆಸಿದ ಗೌಡರ ಮನೆಯವರು. ಗೌಡತಿ ರೇಷನ್ ಕಾರ್ಡು ಹಿಡಿದು ಬೇಲಿಯ ಹತ್ತಿರ ಬಂದರು.

"ಅಮ್ಮಾ, ಇದ್ನೂ ಒಣಗಾಕಿದ್ರಾ?"

"ಹೌದು," ಎಂದರು ಅತ್ತೆ, ಗಂಭೀರವಾಗಿ. "ಎಷ್ಟು ಬೇಗ ಒಣಗಿತು ನೋಡಿದಿರಾ?"

ಹೊಸ ದೇಶ ಒಣ ದೇಶವೆಂದು ಗೊತ್ತಾದ ಮೇಲೆ, ಅದು ಬೇರೆಯವರಿಗೂ ಹಾಗೇ ಕಾಣುತ್ತದಾ ಎಂಬ ಕುತೂಹಲ ಹುಟ್ಟಿತು. ಕಂಡಕ್ಟರನನ್ನು ಕೇಳಿದರು, ತರಕಾರಿಯವನನ್ನು ಕೇಳಿದರು. ಮಾರ್ಚಿನಲ್ಲಿ ಒಂದು ಶನಿವಾರ ಹೊಳೆಯಾಚೆಯ ಟಿಬೆಟನ್ ಕ್ಯಾಂಪು ನೋಡಲು ಕರೆದುಕೊಂಡು ಹೋದಾಗ, ಸ್ವೆಟರ್ ಅಂಗಡಿಯಲ್ಲಿ ಕೂತು ಹೆಣೆಯುತ್ತಿದ್ದ ಅಜ್ಜಿಯೊಬ್ಬರ ಪಕ್ಕ ಸ್ಟೂಲು ಎಳೆದು ಕೂತೇಬಿಟ್ಟರು. ತಮ್ಮಂತೆಯೇ ದೇಶ ಬಿಟ್ಟು ಬಂದವರು, ಈ ಒಣ ಹವೆಯನ್ನು ಹೇಗೆ ತಡೆದುಕೊಂಡರು ಎಂಬುದು ಅವರ ಪ್ರಶ್ನೆ.

ಅಜ್ಜಿ ಹೆಣಿಗೆ ನಿಲ್ಲಿಸಿದರು. "ಒಣ? ಇಲ್ಲಿಯಾ? ನಾನು ಸಣ್ಣವಳು ಬಂದೆ. ಮಳೆ ನೋಡಿ ಹೆದರಿ ಅಳ್ತಿದ್ದೆ. ಇಷ್ಟು ನೀರು ಎಲ್ಲಿಂದ ಬರ್ತದೆ ಅಂತ."

ಅತ್ತೆ ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು. ಅಷ್ಟರಲ್ಲಿ ಅಜ್ಜಿ ಅವರ ಕಾಲು ನೋಡಿದರು. ಸೆಕೆಯಲ್ಲೂ ಅತ್ತೆ ಚಪ್ಪಲಿಯೊಳಗೆ ಕಾಲುಚೀಲ ಹಾಕಿದ್ದರು. ಈ ಊರ ಫ್ಯಾಷನ್ನು ಎಂದು ನನಗೆ ಹೇಳಿದ್ದರು, ನಾನೂ ನಕ್ಕು ಸುಮ್ಮನಾಗಿದ್ದೆ. ಅಜ್ಜಿ ಹೆಣಿಗೆಯ ಕಡ್ಡಿಯಿಂದ ಹಿಮ್ಮಡಿಯ ಕಡೆ ತೋರಿಸಿದರು. ಬಿಳಿ ಕಾಲುಚೀಲದ ಮೇಲೆ ಕಂದುಗಟ್ಟಿದ ರಕ್ತದ ಕಲೆ.

ಮನೆಗೆ ಬಂದು ಬಿಡಿಸಿ ನೋಡಿದರೆ ಎರಡೂ ಹಿಮ್ಮಡಿ ಸೀಳಿಹೋಗಿದ್ದವು. ಬೆರಳ ತುದಿಗಳೂ ಬಿರಿದಿದ್ದವು. ಜೀವಮಾನವೆಲ್ಲ ನೀರಲ್ಲಿ ನೆಂದ ಚರ್ಮಕ್ಕೆ ಈ ಗಾಳಿ ಆಗಿಬಂದಿರಲಿಲ್ಲ. ಎರಡು ತಿಂಗಳಿಂದ ಒಬ್ಬರಿಗೂ ಹೇಳಿರಲಿಲ್ಲ.

"ಯಾರಿಗೆ ಹೇಳುವುದು?" ಎಂದರು. "ನಿನ್ನ ಮಾವನಿಗೆ ಗೊತ್ತಾದರೆ ನಾಳೆಯೇ ಗಂಟು ಕಟ್ತಾರೆ."

ಮಾವ ಬಾಗಿಲಲ್ಲೇ ನಿಂತಿದ್ದರು. ನಾಳೆಯವರೆಗೂ ಕಾಯಲಿಲ್ಲ, ಆಗಲೇ ಹೋಗಿ ಅಟ್ಟದಿಂದ ಟ್ರಂಕು ಇಳಿಸಿದರು. "ಇವಳ ಕಾಲು ಒಡೆಸಿ ನಾನು ಉಸಿರಾಡ್ಲಿಕ್ಕೆ ಉಂಟಾ?" ಎಂದಷ್ಟೇ ಹೇಳಿ, ಮುಂದಿನ ಭಾನುವಾರಕ್ಕೆ ಪಿಕಪ್ಪು ಗೊತ್ತುಮಾಡಿಬಿಟ್ಟರು. ಅತ್ತೆ ತಾನು ಬರುವುದಿಲ್ಲ ಎಂದರು. ನಾನು ಮುಲಾಮು ತಂದೆ, ಇದು ವಾಸಿಯಾಗುವ ಕಾಯಿಲೆ ಎಂದೆ. ಕೇಳುವವರಾರು? ಅತ್ತೆಗೆ ಮಾವನ ಎದೆಯ ಚಿಂತೆ, ಮಾವನಿಗೆ ಅತ್ತೆಯ ಕಾಲಿನ ಚಿಂತೆ. ತಮ್ಮ ಪರವಾಗಿ ವಾದಿಸುವವರು ಆ ಮನೆಯಲ್ಲಿ ಒಬ್ಬರೂ ಇರಲಿಲ್ಲ. ವಾರವಿಡೀ ಇಬ್ಬರೂ ನನ್ನ ಮೂಲಕವೇ ಮಾತಾಡಿದರು. ಮಾವ ಮಾತ್ರ ದಿನಕ್ಕಿಷ್ಟು ಪಾತ್ರೆ ಗೋಣಿಚೀಲಕ್ಕೆ ತುಂಬುತ್ತಲೇ ಹೋದರು.

ಭಾನುವಾರ ಮಧ್ಯಾಹ್ನ ಬೀಳ್ಕೊಡುವ ಮುಖ ಹೊತ್ತು ನಾನು ಹೋದೆ. ಅತ್ತೆ ಮೆಟ್ಟಿಲ ಮೇಲೆ ಬರಿಗಾಲಲ್ಲಿ ಕೂತಿದ್ದರು. ನನ್ನನ್ನು ಕಂಡದ್ದೇ ತುಟಿಗೆ ಬೆರಳಿಟ್ಟು, ಕೈಹಿಡಿದು ಒಳಗೆ ಕರೆದೊಯ್ದರು.

ನಡುಮನೆಯಲ್ಲಿ ಕಟ್ಟಿದ ಗಂಟುಗಳ ನಡುವೆ ಬರೀ ಚಾಪೆಯ ಮೇಲೆ ಮಾವ ಅಂಗಾತ ಮಲಗಿದ್ದರು. ತಲೆಗೆ ದಿಂಬೂ ಇರಲಿಲ್ಲ. ಬೆಳಗಿನಿಂದ ಕಟ್ಟಿ ಕಟ್ಟಿ ಸುಸ್ತಾಗಿ, ಹತ್ತು ನಿಮಿಷ ಎಂದು ಒರಗಿದವರು ಎರಡು ಗಂಟೆ ಕಳೆದರೂ ಎದ್ದಿರಲಿಲ್ಲವಂತೆ. ಎದೆ ಸದ್ದಿಲ್ಲದೆ ಏರಿ ಇಳಿಯುತ್ತಿತ್ತು.

"ಮದುವೆಯಾಗಿ ಮೂವತ್ತೊಂದು ವರ್ಷ," ಅತ್ತೆ ನನ್ನ ಕಿವಿಯಲ್ಲಿ ಹೇಳಿದರು. "ಇವರು ಹೀಗೆ ಮಲಗಿದ್ದನ್ನು ನಾನು ನೋಡೇ ಇಲ್ಲ ಮಗಾ. ಗೋಡೆಗೆ ಒರಗಿ, ಕೂತೇ ನಿದ್ದೆ ಮಾಡೋದು, ಇಲ್ಲಿಗೆ ಬಂದ ಮೇಲೂ ಅದೇ ಅಭ್ಯಾಸ. ಮಲಗಿದರೆ ಇಷ್ಟು ಉದ್ದ ಇದ್ದಾರೆ ಅಂತ ನನಗೆ ಗೊತ್ತೇ ಇರಲಿಲ್ಲ."

ಆ ಹೊತ್ತಿಗೆ ತಿರುವಿನಲ್ಲಿ ಪಿಕಪ್ಪು ಕಾಣಿಸಿತು. ಅತ್ತೆ ಒಡೆದ ಕಾಲಲ್ಲೇ ಕಾದ ಜಲ್ಲಿಯ ಮೇಲೆ ಓಡಿದರು. ಹಾರ್ನು ಒತ್ತುವ ಮೊದಲೇ ಗೇಟಿನಾಚೆ ಎರಡೂ ಕೈ ಚಾಚಿ ನಿಂತು, ಎಂಜಿನ್ನು ಆಫ್ ಮಾಡಿಸಿದರು, ಯಾರೂ ಎಲ್ಲಿಗೂ ಹೋಗುವುದಿಲ್ಲ ಎಂದು ಪಿಸುಗುಟ್ಟಿದರು. ಡ್ರೈವರು ನನ್ನ ಮುಖ ನೋಡಿದ. ಸರಿ, ವಾಪಸು ಹೋಗುತ್ತೇನೆ ಎಂದು ಕೀಲಿಗೆ ಕೈಹಾಕಿದ. ಅತ್ತೆ ಆ ಕೈ ಹಿಡಿದುಕೊಂಡರು.

"ಸ್ಟಾರ್ಟ್ ಮಾಡಬೇಡ ಮಾರಾಯ. ಮಲಗಿದ್ದಾರೆ."

ಕೊನೆಗೆ ಅವನು ಕೆಳಗಿಳಿದು ಕಿಟಕಿಯೊಳಗೆ ಕೈಹಾಕಿ ಸ್ಟೀಯರಿಂಗ್ ಹಿಡಿದ. ನಾನೂ ಅತ್ತೆಯೂ ಮುಂದಿನಿಂದ ಭುಜ ಕೊಟ್ಟೆವು. ಮೂವರೂ ಸೇರಿ, ಒಂದು ಮಾತೂ ಆಡದೆ, ಆ ಗಾಡಿಯನ್ನು ಬಂದ ದಾರಿಯಲ್ಲೇ ಹಿಂದಕ್ಕೆ, ತಿರುವಿನವರೆಗೂ ನೂಕಿಕೊಂಡು ಹೋದೆವು.