ಚೆನ್ನೈ ಸೆಕೆಗೊಂದು ಅಗ್ಗಿಷ್ಟಿಕೆ

ಚೆನ್ನೈನಲ್ಲಿ ಚಳಿ ಕಾಯಿಸಿಕೊಳ್ಳಲೆಂದು ಮನೆಯೊಳಗೆ ಇಟ್ಟಿಗೆಯ ಅಗ್ಗಿಷ್ಟಿಕೆ ಕಟ್ಟಿಸಿದ ಪುಣ್ಯಾತ್ಮನನ್ನು ನೆನೆದರೆ ನನಗೆ ಮೈಯೆಲ್ಲ ಉರಿಯುತ್ತದೆ. ಮಾರ್ಗಶಿರದಲ್ಲೂ ಬನಿಯನ್ ಹಿಂಡಿ ಹಾಕಿಕೊಳ್ಳುವ ಊರಿದು! ಯಾವನೋ ರೈಲ್ವೆ ದೊರೆಯಂತೆ. ಅವನು ತನ್ನ ಊರಿಗೆ ಹೋದ, ಮನೆ ಕೈಯಿಂದ ಕೈಗೆ ದಾಟಿ ನನ್ನ ಕೊರಳಿಗೆ ಬಿತ್ತು. ಆದರೂ ಅದರ ಕೆಂಪು ಕಮಾನಿನ ಮೇಲೆ ನನಗೊಂದು ಮೋಹ. ಮಸಿ ತೆಗೆಸಿ, ಮಳೆನೀರು ಸುರಿಯುವ ಚಿಮಣಿಯ ಬಾಯಿ ಮುಚ್ಚಿಸಿ, ಗೂಡಿನಲ್ಲಿ ಪುಸ್ತಕ ಜೋಡಿಸಬೇಕೆಂದುಕೊಂಡೆ. ಎಂಜಿನಿಯರಾದ ನನ್ನ ಭಾವಮೈದ ಬಂದು ನೋಡಿ, "ಭಾವ, ಏನಾದ್ರೂ ಮಾಡ್ಕೊಳ್ಳಿ, ಕಮಾನು ಮಾತ್ರ ಮುಟ್ಟಿಸ್ಬೇಡಿ. ಚಿಮಣಿ ಭಾರ ಎಲ್ಲ ಅದರ ಮೇಲಿದೆ. ಅದು ಹೋದ್ರೆ ಚಿಮಣಿ ನಿಮ್ಮ ತಲೆ ಮೇಲೆ" ಎಂದು ಹೆದರಿಸಿ ಹೋದ.

ತಾಂಬರಂನಿಂದ ಬಂದ ಮೇಸ್ತ್ರಿಗೆ ಇದನ್ನೆಲ್ಲ ನನ್ನ ಸೊಗಸಾದ ತಮಿಳಿನಲ್ಲಿ ತಿಳಿಸಿದೆ. "ಸರಿ ಸಾರ್" ಎಂದರು. ಮಸಿ ಕೆರೆಯುತ್ತಿದ್ದವರು ಇದ್ದಕ್ಕಿದ್ದಂತೆ ಕಮಾನಿನ ಒಂದು ಇಟ್ಟಿಗೆಯನ್ನು ಸುತ್ತಿಗೆಯಿಂದ ತಟ್ಟಿ ನೋಡಿದರು. ಹೆದರಿಕೆಯಲ್ಲಿ ತಮಿಳು ಎಲ್ಲಿ ನೆನಪಾಗಬೇಕು? "ಇಡಿ! ಹಾಗೇ ಇಡಿ!" ಎಂದು ಕಿರುಚಿದೆ. ನಮ್ಮ 'ಇಡಿ' ಎಂದರೆ ಇದ್ದಲ್ಲೇ ಇರಲಿ ಎಂದು. ತಮಿಳಿನ 'ಇಡಿ' ಎಂದರೆ ಕೆಡವು! 'ಇಡು' ಎಂದಿದ್ದರೆ ಉಳಿಯುತ್ತಿತ್ತೇನೋ, ಮರ್ಯಾದೆ ಕೊಟ್ಟು ಕೆಟ್ಟೆ. ಯಜಮಾನರು ಮನಸ್ಸು ಬದಲಿಸಿದರೆಂದು ಮೇಸ್ತ್ರಿ ಸುತ್ತಿಗೆ ಬೀಸಿದರು. "ಅಯ್ಯೋ, ಇಡಿ ಅಂದ್ರೆ ಇಡಿ ಕಣ್ರೀ!" ಎಂದು ನಾನು ಅರಚಿದಷ್ಟೂ ಅವರ ಉತ್ಸಾಹ ಏರಿತು.

ಅಡುಗೆಮನೆಯಿಂದ ನನ್ನವಳು ಓಡಿಬಂದು "ನಿರುತ್ತುಂಗ!" ಎಂದು ಗದರಿದ ಮೇಲೆಯೇ ಸುತ್ತಿಗೆ ನಿಂತಿದ್ದು. ಅಷ್ಟರಲ್ಲಿ ಕಮಾನಿನ ಒಂದು ಮಗ್ಗುಲು ಉದುರಿತ್ತು. ಭಾವಮೈದ ಬಂದು ಕಬ್ಬಿಣದ ಜಾಕಿಯ ಆಸರೆ ಕೊಡಿಸಿದ್ದರಿಂದ ಚಿಮಣಿ ಉಳಿಯಿತು, ಅದರ ಕೆಳಗೆ ನಾವೂ ಉಳಿದೆವು.

ಸೋಫಾದ ಮೇಲೆ ಕಾಲು ಮಡಿಸಿ ಕೂತು ಎಲ್ಲವನ್ನೂ ನೋಡಿದ ಮಗಳ ಮೇಲೆ ತಿರುಗಿದೆ. ಎರಡೂ ಭಾಷೆ ಅರ್ಥವಾಗುವವಳು, ಬಾಯಿಗೇನು ಬೀಗ ಹಾಕಿತ್ತೇ? "ನಾನು ಹಾಗೆ ಬಡ್ಕೊಳ್ತಿದ್ನಲ್ಲ, ಅವರಿಗೆ ತಮಿಳಲ್ಲಿ ಒಂದು ಮಾತು ಹೇಳ್ಬಾರ್ದಿತ್ತಾ?"

ಕನ್ನಡದಲ್ಲಿ ಕೇಳಿದರೂ ಯಾವಾಗಲೂ ತಮಿಳಿನಲ್ಲೇ ಉತ್ತರ ಕೊಡುವ ಹುಡುಗಿ ಒಂದೊಂದೇ ಪದ ಹುಡುಕಿ ಹೇಳಿದಳು: "ನೀವೇ ತಾನೇ ಅಪ್ಪಾ, ಮನೆಯೊಳಗೆ ತಮಿಳು ಮಾತಾಡಿದ್ರೆ ಜೋಕೆ ಅಂದಿದ್ದು?"

ಅವಳ ಬಾಯಿಂದ ನಾನು ಕೇಳಿದ ಮೊದಲ ತಪ್ಪಿಲ್ಲದ ಕನ್ನಡ ವಾಕ್ಯ. ಮೈಯೆಲ್ಲ ಮಸಿ ಮೆತ್ತಿಕೊಂಡು, ಬಯ್ಯಲೆಂದೇ ಬಾಯಿ ತೆರೆದವನು "ಭೇಷ್" ಎಂದುಬಿಟ್ಟೆ.